ಅಪ್ಪ, ಮೂವರು ಹೆಣ್ಣುಮಕ್ಕಳು, ಒಂದು ಎಲ್‌ಪಿ

ಅಮೆರಿಕದ ಹಾಡುಗಾರ ಕುಟುಂಬ ಸ್ಟೇಪಲ್ ಸಿಂಗರ್ಸ್ ಅವರ ‘ಬಿ ಆಲ್ಟಿಟ್ಯೂಡ್: ರೆಸ್ಪೆಕ್ಟ್ ಯುವರ್‌ಸೆಲ್ಫ್’ (ಸ್ಟ್ಯಾಕ್ಸ್ ಕಂಪನಿ, 1972) ಎಲ್‌ಪಿಯನ್ನು, ಅಂದರೆ ಹಾಡಿನ ದೊಡ್ಡ ತಟ್ಟೆಯನ್ನು, ಮೇವಿಸ್ ಸ್ಟೇಪಲ್ಸ್ ಅವರ ಸ್ವರವೊಂದಕ್ಕಾಗಿಯೇ ಕೊಳ್ಳಬಹುದು. 1939ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಮೇವಿಸ್, ಅಪ್ಪ ‘ಪಾಪ್ಸ್’ ಕಟ್ಟಿದ ಮನೆಮಂದಿಯ ತಂಡದಲ್ಲಿ 1948ರ ಹೊತ್ತಿಗೇ ಚರ್ಚ್‌ಗಳಲ್ಲಿ ಹಾಡತೊಡಗಿದ್ದರು. ಎಳೆಯ ವಯಸ್ಸಿನಲ್ಲೇ ಎಷ್ಟು ತುಂಬಿದ ಸ್ವರವೆಂದರೆ, ಕೇಳಿದವರು ಗಂಡಸು ಹಾಡುತ್ತಿದ್ದಾನೆಂದು ತಿಳಿದದ್ದುಂಟು.

ಮೊದಲ ಬದಿಯ ನಾಲ್ಕನೆಯ ಹಾಡು ‘ಐಲ್ ಟೇಕ್ ಯು ದೇರ್’. ಸಾಹಿತ್ಯ ನಾಲ್ಕಾರು ಸಾಲು, ಅಷ್ಟೆ. ಮೇವಿಸ್ ಎತ್ತಿಕೊಡುತ್ತಾರೆ, ಅಕ್ಕಂದಿರಾದ ಕ್ಲಿಯೋಥಾ, ಇವಾನ್ ಮತ್ತು ಅಪ್ಪ ತಿರುಗಿ ಹೇಳುತ್ತಾರೆ. ಕಾಸರಗೋಡಿನ ಕುಂಬಳೆ, ಮಧೂರು ಕಡೆಯ ಭಜನೆ ಕೇಳಿ ಬೆಳೆದ ಕಿವಿಗೆ ಈ ಕ್ರಮ ಹೊಸತಲ್ಲ. ಹಾರ್ಮೋನಿಯಂ ಹಿಡಿದು ಕೂತರೆ ಶ್ರುತಿ ಬಿಳಿ ಒಂದು. ಆರಂಭದಿಂದ ಕೊನೆಯವರೆಗೆ ಷಡ್ಜ, ಮಧ್ಯಮಗಳ ಮೇಲಿನ ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಇಷ್ಟರಲ್ಲೇ ನಾಲ್ಕೂವರೆ ನಿಮಿಷ ತುಂಬುವುದು ಆ ಸ್ವರದ ಬಲದಿಂದ. ನಡುವೆ ಅವರು ‘ಲಿಟಲ್ ಡೇವಿಡ್’ ಎಂದು ಕರೆದೊಡನೆ ಡೇವಿಡ್ ಹುಡ್ ಅವರ ಬೇಸ್ ಗಿಟಾರ್ ಮುಂದೆ ಬರುತ್ತದೆ. ‘ಡ್ಯಾಡಿ’ ಎಂದೂ ಕರೆಯುತ್ತಾರೆ, ಆದರೆ ಅಲ್ಲಿ ಗಿಟಾರ್ ನುಡಿಸಿದ್ದು ಅಪ್ಪನಲ್ಲ, ಎಡ್ಡಿ ಹಿಂಟನ್. ಈ ಎಲ್‌ಪಿಯ ಕೊರತೆಯೂ ಅದೇ: ಇದಕ್ಕೆ ನುಡಿಸಿದ ಅಲಬಾಮಾದ ಮಸಲ್ ಶೋಲ್ಸ್ ಊರಿನ ಸ್ಟುಡಿಯೋ ವಾದಕರ ಕೈಚಳಕದ ಮುಂದೆ ಪಾಪ್ಸ್ ಅವರ ನಡುಗುವ ಗಿಟಾರ್ ಹಿಂದೆ ಸರಿದಿದೆ. ಅದು ಬೇಕಾದವರು ಇವರದೇ 1956ರ ಹಾಡು ‘ಅನ್‌ಕ್ಲೌಡಿ ಡೇ’ ಕೇಳಬೇಕು.

ಹಳೆಯ ಪ್ರತಿ ಕೊಳ್ಳುವಾಗ ಪರೀಕ್ಷೆಗೆ ಈ ನಾಲ್ಕನೆಯ ಹಾಡನ್ನೇ ಹಾಕಿಸಿ. ತಟ್ಟೆಯ ನಡುವಿಗೆ ಹತ್ತಿರವಾದಂತೆ ಪ್ರತಿ ಸುತ್ತಿನಲ್ಲಿ ಸಿಗುವ ಗೆರೆಯ ಉದ್ದ ಕಡಿಮೆಯಾಗುತ್ತದೆ, ಸವೆತ ಮೊದಲು ಕೇಳಿಸುವುದು ಅಲ್ಲೇ. ಮೇವಿಸ್ ಅವರ ‘ಸ’ಕಾರ ಹರಿದಂತೆ ಕೇಳಿಸಿದರೆ ಬೇರೆ ಸೂಜಿಯಲ್ಲೊಮ್ಮೆ ನೋಡಿ; ಆಗಲೂ ಹಾಗೆಯೇ ಇದ್ದರೆ ತಟ್ಟೆ ಸವೆದಿದೆ, ಬಿಟ್ಟುಬಿಡಿ.

ಕಾಸರಗೋಡಿನಲ್ಲಿ ದೊಡ್ಡ ಶತ್ರು ಮಳೆಗಾಲದ ಬೂಸ್ಟು. ರಟ್ಟಿನ ಕವರ್ ತೇವ ಹೀರುತ್ತದೆ, ಒಳಗಿನ ಕಾಗದದ ಚೀಲದಿಂದ ಅದು ತಟ್ಟೆಗೆ ದಾಟುತ್ತದೆ, ಆಮೇಲೆ ಹಾಡಿನುದ್ದಕ್ಕೂ ಚಟಪಟ ಸದ್ದು. ಕಾಗದದ ಚೀಲ ತೆಗೆದು ಆಂಟಿ-ಸ್ಟ್ಯಾಟಿಕ್ ಪ್ಲಾಸ್ಟಿಕ್ ಚೀಲ ಹಾಕಿ. ಬೂಸ್ಟು ಹಿಡಿದಿದ್ದರೆ ನಾಲ್ಕು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಯ ಜಾಡಿನಲ್ಲೇ ಸುತ್ತ ಒರೆಸಿ. ಲೇಬಲ್ ಒದ್ದೆಯಾಗಬಾರದು. ಒಣಗಿಸುವುದು ನೆರಳಿನಲ್ಲಿ, ಬಿಸಿಲಿಗಿಟ್ಟರೆ ತಟ್ಟೆ ಬಾಗುತ್ತದೆ. ನಿಮಿಷಕ್ಕೆ 78 ಸುತ್ತಿನ ಹಳೆಯ ಅರಗಿನ ತಟ್ಟೆಗಳಿಗೆ ಈ ದ್ರಾವಣ ತಾಗಿಸಲೇಬೇಡಿ, ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ.

ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್‌ಗಳಲ್ಲಿ ಸೂಜಿ ತಟ್ಟೆಯ ಮೇಲೆ ಒತ್ತುವ ಭಾರ ಸಾಮಾನ್ಯವಾಗಿ 5 ಗ್ರಾಂ ಆಸುಪಾಸು, ಗೆರೆ ಬೇಗ ಸವೆಯುತ್ತದೆ. ಭಾರ ಹೊಂದಿಸಿಕೊಳ್ಳಬಹುದಾದ ಟರ್ನ್‌ಟೇಬಲ್‌ನಲ್ಲಿ ಸುಮಾರು 2 ಗ್ರಾಂ ಸಾಕು, ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ತಯಾರಕರು ಹೇಳಿದ ಅಳತೆಯನ್ನು ಮೀರಬೇಡಿ. ಇಂಥ ತಟ್ಟೆಯನ್ನು ಆ ಸೂಟ್‌ಕೇಸ್ ಪ್ಲೇಯರ್‌ಗೆ ಕೊಡಬಾರದು.