ಮಗು ಬಂದ ಮನೆಗೆ ನಾಯಿ ಟ್ರೈನರ್

ಮಂಗಳೂರಲ್ಲಿ ಮನೆಗೇ ಬಂದು ನಾಯಿಗೆ ಕಲಿಸುವವರು ಇದ್ದಾರೆ. ಮಗು ಅತ್ತಾಗಲೆಲ್ಲ ನಮ್ಮ ಲ್ಯಾಬ್ರಡಾರ್ ಬಾಣಂತಿ ಕೋಣೆಯ ಬಾಗಿಲು ಕೆರೆದು ಬೊಗಳುತ್ತಿತ್ತು, ಅದಕ್ಕೇ ಒಬ್ಬರನ್ನು ಕರೆಸಿದೆವು.

ಕೆಲಸ ಚೆನ್ನಾಗಿದೆ. ಹೊಡೆತ ಇಲ್ಲ, ಕಿರುಚಾಟ ಇಲ್ಲ. ಮಗು ಎದುರಿಗೆ ಇರುವಾಗಲೇ ನಾಯಿಗೆ ತಿಂಡಿ, ಮುದ್ದು ಸಿಗಬೇಕು ಅಂದರು, ಹೆಚ್ಚಿನವರು ಮಗು ಮಲಗಿದ ಮೇಲೆ ಮಾತ್ರ ನಾಯಿಯನ್ನು ಮಾತಾಡಿಸುತ್ತಾರೆ ಅಲ್ವಾ, ಆಗ ಮಗು ಅಂದರೆ ಅದಕ್ಕೆ ಬರೀ ನಷ್ಟ. ಇನ್ನೊಂದು ಮಾತು ನನಗೆ ತುಂಬಾ ಹಿಡಿಸಿತು: ಗುರ್ ಅಂದರೆ ಬೈಯಬೇಡಿ, ಅದು ಎಚ್ಚರಿಕೆ, ಅದನ್ನು ಬಾಯಿ ಮುಚ್ಚಿಸಿದರೆ ಮುಂದೆ ಸದ್ದಿಲ್ಲದೆ ಕಚ್ಚಬಹುದು, ಸುಮ್ನೆ ಇಬ್ಬರನ್ನೂ ದೂರ ಮಾಡಿ. ಎಷ್ಟೇ ಸಾಧು ನಾಯಿ ಆದರೂ ಮಗುವಿನ ಜೊತೆ ಒಂಟಿಯಾಗಿ ಬಿಡಬಾರದು, ಬಾಗಿಲಿಗೆ ಅಡ್ಡ ಗೇಟು ಹಾಕಿಸಿ ಅಂತಲೂ ಹೇಳಿದರು. ಅತ್ತೆಗೂ ಅವರು ತುಳುವಿನಲ್ಲೇ ಬಿಡಿಸಿ ಹೇಳಿದ್ದರಿಂದ ಹಿತ್ತಲಲ್ಲಿ ಕಟ್ಟಿಹಾಕಿ ಅನ್ನುವ ವರಾತ ನಿಂತಿತು, ಅದಕ್ಕೇ ಅರ್ಧ ಫೀಸು ಕೊಡಬಹುದು!

ಬೇಜಾರು ಅಂದರೆ ಮಳೆ ಜೋರಾದ ದಿನ ಬರುವುದಿಲ್ಲ, ಫೋನೂ ಮಾಡುವುದಿಲ್ಲ. ರೇಟೂ ಸ್ವಲ್ಪ ಜಾಸ್ತಿಯೇ. ಕರೆಸುವುದಾದರೆ ಹೆರಿಗೆಗೆ ಮೊದಲೇ ಕರೆಸಿ, ಆಗ ಪುರುಸೊತ್ತು ಇರುತ್ತದೆ.