ನೋ ಕಾಸ್ಟ್ ಇಎಂಐ ಅಂತ ಗೇಮ್ ಡಿಸೈನ್ ಕೋರ್ಸ್ ಸೇರೋ ಮುಂಚೆ ಇದನ್ನ ಓದಿ

84,000 ರೂಪಾಯಿ. ಬಿಸಿಎ ಓದಿದವನು ಇಷ್ಟು ಸುಲಭಕ್ಕೆ ಬಿದ್ನಾ ಅಂತಾರೆ ಅನ್ನೋ ನಾಚಿಕೆಗೆ ಎಂಟು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಅದೇ ಜಾಹೀರಾತು ನನ್ನ ತಮ್ಮನ ಫೋನಲ್ಲಿ ಕಾಣಿಸ್ತು. ಇನ್ನು ಸುಮ್ನಿರೋಕಾಗಲ್ಲ.

ಆರು ತಿಂಗಳ ಆನ್‌ಲೈನ್ ಕೋರ್ಸ್. ಫೋನ್ ಮಾಡಿದ ಕೌನ್ಸೆಲರ್ "ನಾನೂ ಶಿವಮೊಗ್ಗದವನೇ ಬ್ರೋ" ಅಂತ್ಲೇ ಶುರು ಮಾಡಿದ. ಲೈವ್ ಕ್ಲಾಸ್, ವಾರಕ್ಕೊಮ್ಮೆ ಮೆಂಟರ್, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಇಂಟರ್‌ವ್ಯೂ. ಎರಡೇ ಸೀಟು, ಇವತ್ತೇ ಕೊನೆ. ತಿಂಗಳಿಗೆ 7,000, ಹನ್ನೆರಡು ಕಂತು. "ವೆರಿಫಿಕೇಶನ್‌ಗೆ ಓಟಿಪಿ ಬರುತ್ತೆ, ಹೇಳಿ" ಅಂದ. ಹೇಳಿದೆ. ಅದು ಸಾಲದ ಓಟಿಪಿ! ಫೈನಾನ್ಸ್ ಕಂಪನಿ ಪೂರ್ತಿ ದುಡ್ಡು ಅವರಿಗೆ ಕೊಟ್ಟಾಯ್ತು, ಸಾಲ ನನ್ನ ತಲೆ ಮೇಲೆ.

ಲೈವ್ ಕ್ಲಾಸ್ ಅಂದಿದ್ದು ಯಾವತ್ತೋ ರೆಕಾರ್ಡ್ ಮಾಡಿದ ವಿಡಿಯೋ. ಅದರಲ್ಲಿದ್ದಿದ್ದು ಯೂನಿಟಿ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರ್‌ನ ಹಳೇ 2018ರ ವರ್ಷನ್. ಮೆಂಟರ್ ಅಂದ್ರೆ ಒಂದು ವಾಟ್ಸಾಪ್ ಗ್ರೂಪ್, ಏನೇ ಕೇಳಿದ್ರೂ "ನೋಟೆಡ್".

ನಮ್ಮ ದೊಡ್ಡ ಪ್ರಾಜೆಕ್ಟ್: ಚೆಂಡು ಉರುಳಿಸಿ, ತಿರುಗೋ ಹಳದಿ ಕ್ಯೂಬ್‌ಗಳನ್ನ ಹೆಕ್ಕೋದು. ಖುಷಿಯಿಂದ ಚಿಕ್ಕಪ್ಪನ ಮಗನಿಗೆ ತೋರಿಸಿದೆ. ಅವನು ಮಾತಾಡದೆ ಯೂನಿಟಿಯವರದ್ದೇ ಪಾಠದ ಸೈಟ್ ಯೂನಿಟಿ ಲರ್ನ್ ತೆಗೆದು 'ರೋಲ್-ಎ-ಬಾಲ್' ಅನ್ನೋ ಪಾಠ ತೋರಿಸಿದ. ಅದೇ ಚೆಂಡು. ಅದೇ ಕ್ಯೂಬ್. ಕ್ಯೂಬ್ ತಿರುಗಿಸೋ ಕೋಡಲ್ಲಿ 15, 30, 45 ಅನ್ನೋ ಸಂಖ್ಯೆ ಕೂಡ ಅದೇ. ಯೂನಿಟಿಯವರು ಪುಕ್ಕಟೆ ಕೊಡೋದನ್ನ ನಾನು 84,000 ಕೊಟ್ಟು ಕಲಿತಿದ್ದೆ. ಮೈಯೆಲ್ಲ ಉರಿದುಹೋಯ್ತು.

ದುಡ್ಡು ವಾಪಸ್ ಕೇಳಿದೆ. "ಸರ್, ರಿಫಂಡ್ ಏಳು ದಿನದೊಳಗೆ ಮಾತ್ರ." ದುಡ್ಡು ಕಟ್ಟಿದ ದಿನದಿಂದ ಏಳು ದಿನ! ಬ್ಯಾಚ್ ಶುರುವಾಗಿದ್ದೇ ಹತ್ತನೇ ದಿನ. ಅದನ್ನೇ ಹೇಳಿದ್ರೆ, "ಟರ್ಮ್ಸ್ ಓದಿಲ್ವಾ ಸರ್? ನೀವು ಎಜುಕೇಟೆಡ್ ಅಲ್ವಾ?" ಕಂತು ನಿಲ್ಲಿಸ್ತೀನಿ ಅಂದೆ. "ನಿಲ್ಸಿ, ನಿಮ್ಮ ಸಿಬಿಲ್ ಸ್ಕೋರೇ ಹಾಳಾಗೋದು." ಬ್ರೋ ಅಂದಿದ್ದವನೇ ಈ ಮಾತಾಡಿದ್ದು.

ಇನ್ನೊಂದು ಹೇಳ್ಲೇಬೇಕು. ನಾನೇ ಹುಡುಕ್ಕೊಂಡು ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಅಲ್ಲಿದ್ದ ಮೇಡಂ ಕೇಳಿದ್ದು: "ಚೌಕಾಬಾರದಲ್ಲಿ ಎದುರಾಳಿ ಕಾಯಿ ಹೊಡೆಯದೇನೇ ಒಳಮನೆಗೆ ಹೋಗಬಹುದು ಅಂತ ನಿಯಮ ಬದಲಿಸಿದ್ರೆ ಆಟ ಏನಾಗುತ್ತೆ?" ಅಜ್ಜಿ ಜೊತೆ ಕವಡೆ ಹಾಕಿ ಬೆಳೆದವನು ನಾನು, ಆದ್ರೂ ಬಾಯಿ ಬರಲಿಲ್ಲ. ಗೇಮ್ ಡಿಸೈನ್ ಅಂದ್ರೆ ಅದೇ ಅಂತೆ: ನಿಯಮ ಬದಲಿಸೋದು, ಬೇರೆಯವರ ಕೈಲಿ ಆಡಿಸಿ ನೋಡೋದು. ಆರು ತಿಂಗಳಲ್ಲಿ ಅದರ ಬಗ್ಗೆ ಒಂದೇ ಒಂದು ಪಾಠ ಇರಲಿಲ್ಲ. ಬರೀ ಯಾವ ಬಟನ್ ಒತ್ತಬೇಕು ಅಂತ.

ಫೋನಲ್ಲಿ ಮಾತಾಡ್ತಾ ಓಟಿಪಿ ಕೊಡ್ಬೇಡಿ, ಯಾರೇ ಕೇಳ್ಲಿ, ನಿಮ್ಮೂರಿನವನೇ ಆಗ್ಲಿ. ರಿಫಂಡ್ ಯಾವ ದಿನದಿಂದ ಲೆಕ್ಕ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಮೊದಲು ಯೂನಿಟಿ ಲರ್ನ್ ನೋಡಿ, ಗೋಡೋ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರ್ ಇಳಿಸ್ಕೊಳ್ಳಿ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದೀನಿ. ಕಂಪನಿಯಿಂದ ಉತ್ತರ ಬಂದಿಲ್ಲ. ಅಪ್ಪಾಜಿಗೆ ಇನ್ನೂ ಹೇಳಿಲ್ಲ. ನಾಲ್ಕು ಕಂತು ಬಾಕಿ ಇದೆ.