ಆಂಕಿ ಆ್ಯಪ್: ರೆಡಿಮೇಡ್ ಡೆಕ್ ಬಿಡಿ, ಆಫೀಸ್ ಮೇಲ್ ಹಾಕಿ

ಪ್ರಶ್ನೋತ್ತರದ ಕಾರ್ಡ್‌ಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿಡಿಸುವ ಆ್ಯಪ್ ಆಂಕಿ. ನೋಡೋಕೆ ಅಷ್ಟೇನೂ ಚೆನ್ನಾಗಿಲ್ಲ. ಖಾಲಿ ಪರದೆ, ಮಧ್ಯದಲ್ಲಿ ಒಂದು ಪ್ರಶ್ನೆ, ಕೆಳಗೆ ಉತ್ತರ ತೋರಿಸುವ ಬಟನ್. ಗೊಂಬೆ ಬಂದು ಚಪ್ಪಾಳೆ ತಟ್ಟುವುದಿಲ್ಲ, ಪದಕ ಕೊಡುವುದಿಲ್ಲ. ಮೊದಲ ಸಲ ತೆರೆದವರು ‘ಇಷ್ಟೇನಾ?’ ಅಂತ ಮುಚ್ಚಿಬಿಡುವ ಸಾಧ್ಯತೆಯೇ ಜಾಸ್ತಿ. ಆದರೂ ಕೆಲಸಕ್ಕಾಗಿ ಭಾಷೆ ಕಲಿಯುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ನಾನಿರುವುದು ಕ್ವಾಲಿಟಿ ವಿಭಾಗದಲ್ಲಿ. ಯಂತ್ರದ ಬಿಡಿಭಾಗಗಳ ಡ್ರಾಯಿಂಗ್, ಇನ್‌ಸ್ಪೆಕ್ಷನ್ ರಿಪೋರ್ಟ್, ದೂರು, ಸಮಜಾಯಿಷಿ ಎಲ್ಲ ಜಪಾನೀಸ್‌ನಲ್ಲಿ ಬರುತ್ತವೆ. ಭಾಷೆ ಮೇಲಿನ ಪ್ರೀತಿಯಿಂದ ಶುರು ಮಾಡಿದ್ದಲ್ಲ. ಪ್ರತಿ ಮೇಲ್‌ಗೂ ಇನ್ನೊಬ್ಬರ ಮುಖ ನೋಡಿ ಕೂರುವುದು ಸಾಕಾಗಿತ್ತು, ಅಷ್ಟೇ.

ಆಂಕಿ ಮಾಡುವ ಕೆಲಸ ಸರಳ. ನೀವು ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಕಾರ್ಡನ್ನು ಮತ್ತೆ ಮುಂದಿಡುತ್ತದೆ. ಉತ್ತರ ನೋಡಿದ ಮೇಲೆ ನಾಲ್ಕು ಬಟನ್: ಮತ್ತೆ, ಕಷ್ಟ, ಸರಿ, ಸುಲಭ. ಯಾವುದು ಒತ್ತಿದಿರಿ ಅನ್ನುವುದರ ಮೇಲೆ ಆ ಕಾರ್ಡ್ ನಾಳೆ ಬರುತ್ತದೋ, ಮುಂದಿನ ತಿಂಗಳು ಬರುತ್ತದೋ ತೀರ್ಮಾನ. ಹೊಸದಾಗಿ ಕಲಿತದ್ದು ಮೊದಲು ಬೇಗ ಬೇಗ ಮರೆತುಹೋಗುತ್ತದೆ, ಆಮೇಲೆ ನಿಧಾನವಾಗಿ ಮರೆಯುತ್ತದೆ ಅಂತ ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ಬರೆದಿದ್ದ. ಅರ್ಥವಿಲ್ಲದ ಅಕ್ಷರಜೋಡಿಗಳನ್ನು ತಾನೇ ಬಾಯಿಪಾಠ ಮಾಡಿ ತನ್ನ ಮೇಲೇ ಪರೀಕ್ಷೆ ನಡೆಸಿದ ಮನುಷ್ಯ ಅವನು. ಆಂಕಿಯನ್ನು ಡೇಮಿಯನ್ ಎಲ್ಮ್ಸ್ ಹೊರತಂದದ್ದು 2006ರಲ್ಲಿ. 2023ರಲ್ಲಿ ಎಫ್‌ಎಸ್‌ಆರ್‌ಎಸ್ ಅನ್ನೋ ಹೊಸ ಲೆಕ್ಕಾಚಾರ ಸೇರಿತು. ಸೆಟಿಂಗ್ಸ್‌ಗೆ ಹೋಗಿ ಅದನ್ನು ಆನ್ ಮಾಡಿಕೊಳ್ಳಿ. ನಿಮ್ಮ ಮರೆವಿನ ರೀತಿಗೆ ತಕ್ಕಂತೆ ಅದು ಅಂತರ ಹೊಂದಿಸುತ್ತದೆ.

ಈಗ ಡೆಕ್, ಅಂದರೆ ಕಾರ್ಡ್‌ಗಳ ಕಟ್ಟಿನ ವಿಷಯ. ಯಾರೋ ಮಾಡಿಟ್ಟ ರೆಡಿಮೇಡ್ ಡೆಕ್‌ಗಳು ಬೇಕಾದಷ್ಟು ಸಿಗುತ್ತವೆ. ಜಪಾನೀಸ್‌ನಲ್ಲಿ ಮೊದಲು ಕಲಿಯುವ ಲಿಪಿ ಹಿರಾಗಾನದ 46 ಅಕ್ಷರ ಕಲಿಯೋಕೆ ಅವು ಸಾಕು. ಅಲ್ಲಿಂದ ಮುಂದೆ ನನಗಂತೂ ಪ್ರಯೋಜನವಾಗಲಿಲ್ಲ. ಆನೆ, ಜಿರಾಫೆ, ಅತ್ತೆ ಮಗ, ಮಳೆಗಾಲ ಎಲ್ಲ ಕಲಿಸುತ್ತವೆ. ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆದರೂ ನಡೆಯುತ್ತದೆ ಅನ್ನುವ ಮಿತಿ) ಅನ್ನೋ ಪದ ಬರುವಷ್ಟರಲ್ಲಿ ಕೆಲಸವೇ ಬದಲಾಗಿರುತ್ತದೆ. ನಮ್ಮ ಇನ್‌ಬಾಕ್ಸ್‌ನಿಂದ ನಾವೇ ಕಾರ್ಡ್ ಮಾಡಿಕೊಂಡರೆ ಮಾತ್ರ ಈ ಆ್ಯಪ್ ಪೂರ್ತಿ ದಕ್ಕುತ್ತದೆ.

ನನ್ನ ಒಂದು ಕಾರ್ಡ್ ಹೀಗಿದೆ: ‘ಜುಮೆನ್ ನೋ ಕೋಸಾ ಓ ಕಕುನಿನ್ ಶಿತೆ ಕುದಸಾಯ್.’ ಅಂದರೆ ‘ಡ್ರಾಯಿಂಗ್‌ನ ಟಾಲರೆನ್ಸನ್ನು ಖಚಿತ ಮಾಡಿಕೊಳ್ಳಿ.’ ‘ಕೋಸಾ’ ಇರುವ ಜಾಗ ಖಾಲಿ ಬಿಟ್ಟಿದ್ದೇನೆ, ತುಂಬಬೇಕು. ವಾಕ್ಯ ಗಮನಿಸಿದಿರಾ? ಪದಗಳು ಕನ್ನಡದ ಸಾಲಿನಲ್ಲೇ ಕೂತಿವೆ. ವಿಭಕ್ತಿ ಹಿಂದೆ ಬರುತ್ತದೆ, ಕ್ರಿಯಾಪದ ಕೊನೆಗೆ. ‘ಬರ್ತೀನಿ ಅಂತ ಹೇಳಿದ’ ಅನ್ನುವಾಗ ನಮ್ಮ ‘ಅಂತ’ ಎಲ್ಲಿ ಬರುತ್ತದೋ ಅಲ್ಲೇ ಅವರದ್ದೂ ಒಂದು ಅಕ್ಷರ ಕೂರುತ್ತದೆ. ಇಂಗ್ಲಿಷ್ ದಾರಿಯಲ್ಲಿ ಸುತ್ತಿಕೊಂಡು ಕಲಿಯುವ ಬದಲು ಕಾರ್ಡಿನ ಹಿಂಬದಿಗೆ ನೇರ ಕನ್ನಡ ಬರೆಯಿರಿ. ಅರ್ಧ ವ್ಯಾಕರಣ ಬಿಟ್ಟಿ ಸಿಗುತ್ತದೆ.

ಒಂದು ಕಡೆ ಮಾತ್ರ ಕನ್ನಡ ಕೈಕೊಡುತ್ತದೆ. ನಾವು ‘ನಾವು’, ‘ನೀವು’ ಹೇಳದಿದ್ದರೂ ‘ಅಳೆಯುತ್ತೇವೆ’, ‘ಅಳೆಯುತ್ತೀರಿ’ ಅನ್ನುವಲ್ಲಿ ಯಾರ ಕೆಲಸ ಅನ್ನುವುದು ಗೊತ್ತಾಗಿಬಿಡುತ್ತದೆ. ಜಪಾನೀಸ್ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ಕರ್ತೃವನ್ನೂ ಆರಾಮಾಗಿ ಬಿಟ್ಟುಬಿಡುತ್ತಾರೆ. ಹಾಗಾಗಿ ಅನುವಾದದ ಯಂತ್ರ ಊಹೆ ಮಾಡುತ್ತದೆ: ಒಂದು ಸಲ ‘ನಾವು ಮತ್ತೆ ಅಳೆಯುತ್ತೇವೆ’, ಇನ್ನೊಂದು ಸಲ ‘ನೀವು’. ಕ್ವಾಲಿಟಿ ದೂರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಮತ್ತೆ ಅಳೆಯುವ ಖರ್ಚು ಯಾರದ್ದು ಅನ್ನುವುದೇ ಅಲ್ಲಿನ ಜಗಳ, ಅಲ್ವಾ?

ಇಲ್ಲಿ ಕೈಹಿಡಿದದ್ದು ಅವರ ಮರ್ಯಾದೆಯ ಮಾತು, ಕೇಯಿಗೋ. ಕ್ರಿಯಾಪದ ‘ಇತಶಿಮಾಸು’ ಅಂತ ಮುಗಿದರೆ ಮಾಡುವವರು ಬರೆದವರೇ, ಯಾಕೆಂದರೆ ಅದು ತಮ್ಮನ್ನು ತಗ್ಗಿಸಿಕೊಂಡು ಆಡುವ ರೂಪ. ‘ಕುದಸಾಯ್’ ಬಂದರೆ ಕೆಲಸ ನಮ್ಮ ತಲೆಗೆ. ವಿನಯ ಅಂದುಕೊಂಡು ದಾಟಿ ಹೋಗುತ್ತಿದ್ದ ಬಾಲದಲ್ಲೇ ಜವಾಬ್ದಾರಿ ಬರೆದಿರುತ್ತದೆ. ನಾನು ಇದಕ್ಕೇ ಬೇರೆ ಡೆಕ್ ಮಾಡಿದ್ದೇನೆ.

ಅದರಲ್ಲಿ ನನಗೆ ಇಷ್ಟವಾದ ಒಂದು ಜೋಡಿ ಕಾರ್ಡ್ ಇದೆ. ಎರಡರ ಮೇಲೂ ಪ್ರಶ್ನೆ ಒಂದೇ: ‘ನಮ್ಮ ಮ್ಯಾನೇಜರ್ ಹೇಳಿದರು.’ ಒಂದರ ಕೆಳಗೆ ‘ಕೇಳುವವರು ಸಹೋದ್ಯೋಗಿ’ ಅಂತಿದೆ, ಉತ್ತರ ‘ಒಶ್ಶಾಯ್‌ಮಾಶಿತಾ’. ಇನ್ನೊಂದರ ಕೆಳಗೆ ‘ಕೇಳುವವರು ಕಸ್ಟಮರ್’, ಉತ್ತರ ‘ಮೋಶಿತೆ ಓರಿಮಾಶಿತಾ’. ಮೊದಲನೆಯದು ಮ್ಯಾನೇಜರನ್ನು ಎತ್ತುತ್ತದೆ, ಎರಡನೆಯದು ಇಳಿಸುತ್ತದೆ. ಹೊರಗಿನವರ ಎದುರು ಮ್ಯಾನೇಜರ್ ಹೆಸರಿಗೆ ಗೌರವದ ‘ಸಾನ್’ ಕೂಡ ಹಚ್ಚುವುದಿಲ್ಲ. ನಾವು ಯಾರೆದುರು ಮಾತಾಡಿದರೂ ‘ಸರ್ ಹೇಳಿದರು’ ಅಂತಲೇ ಅನ್ನುತ್ತೇವೆ. ಅವರಿಗೆ ಕಸ್ಟಮರ್ ಎದುರಿಗಿದ್ದಾಗ ಇಡೀ ಕಂಪನಿ ಒಂದೇ ಮನೆ, ಮನೆಯವರನ್ನು ಹೊಗಳುವಂತಿಲ್ಲ. ಆ ಕಡೆಯ ಎಂಜಿನಿಯರ್ ತನ್ನ ಮೇಲಧಿಕಾರಿಯ ಹೆಸರನ್ನು ಬರೀ ಹೆಸರಾಗಿ ಹೇಳಿದಾಗ ನಮ್ಮ ಟೀಮಿನವರೊಬ್ಬರು ‘ಇವರಿಬ್ಬರಿಗೂ ಆಗಿಬರಲ್ಲ ಅನ್ಸುತ್ತೆ’ ಅಂದಿದ್ದರು. ಪಾಪ, ಆತ ನಮಗೆ ಗೌರವ ಕೊಡುತ್ತಿದ್ದ.

ಕೆಲಸದಲ್ಲಿ ಆದ ಬದಲಾವಣೆ ಹೇಳುವುದಾದರೆ, ಮೊದಲು ಅನುವಾದವಾಗಿ ಬಂದ ಮೇಲ್ ನನ್ನ ಕೈಗೆ ಕೊನೆಗೆ ಸಿಗುತ್ತಿತ್ತು. ಈಗ ಮೂಲ ಮೇಲ್ ಮೊದಲು ನನಗೇ ಬರುತ್ತದೆ. ಕಾಲ್‌ಗಳಿಗೂ ಕೂರಿಸಿಕೊಳ್ಳುತ್ತಾರೆ.

ಮಿತಿಗಳೂ ಇವೆ. ಆಂಕಿ ಮಾತು ಕಲಿಸುವುದಿಲ್ಲ. ಎದುರಿಗೆ ಮನುಷ್ಯ ಬೇಕೇ ಬೇಕು. ಜಪಾನೀಸ್ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲೂ ಮಾತಾಡುವ ಭಾಗ ಇಲ್ಲ. ಹಾಗಾಗಿ ಬರೀ ಕಾರ್ಡ್ ತಿರುಗಿಸಿ ಸರ್ಟಿಫಿಕೇಟ್ ತಗೊಂಡು ಕಾಲ್‌ನಲ್ಲಿ ಬಾಯಿ ಬಿಡಲಾಗದೆ ಕೂರುವುದು ಸುಲಭ. ಇನ್ನು ನಿತ್ಯಬಳಕೆಯ ಕಾಂಜಿ (ಚೀನೀ ಮೂಲದ ಅಕ್ಷರ) ಪಟ್ಟಿಯಲ್ಲಿ 2,136 ಅಕ್ಷರಗಳಿವೆ. ಅವನ್ನು ಒಂದೊಂದೇ ಕಾರ್ಡ್ ಮಾಡಲು ಹೋಗಬೇಡಿ, ಪದದೊಳಗೇ ಕಲಿಯಿರಿ. ನಾಲ್ಕು ದಿನ ಬಿಟ್ಟರೆ ಬಾಕಿ ಗುಡ್ಡೆ ಬೀಳುತ್ತದೆ, ಅದನ್ನು ನೋಡಿಯೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಕಂಪ್ಯೂಟರ್‌ನಲ್ಲಿ ಆಂಕಿ, ಆಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್, ಎರಡೂ ಉಚಿತ. ಐಫೋನ್‌ನವರು ಮಾತ್ರ ದುಡ್ಡು ಕೊಡಬೇಕು. ಹಾಕಿಕೊಂಡ ತಕ್ಷಣ ದಿನಕ್ಕೆ 20 ಹೊಸ ಕಾರ್ಡ್ ಅಂತ ಇರುವುದನ್ನು 5ಕ್ಕೆ ಇಳಿಸಿ. ಎಂಟು ಸಲ ಮರೆತ ಕಾರ್ಡಿಗೆ ಆಂಕಿ ‘ಜಿಗಣೆ’ ಅಂತ ಪಟ್ಟಿ ಹಚ್ಚುತ್ತದೆ. ಅಂಥದ್ದನ್ನು ಸುಮ್ನೆ ಉಜ್ಜುತ್ತಾ ಕೂರಬೇಡಿ. ಅಳಿಸಿ, ಅದೇ ಪದ ಇರುವ ಇನ್ನೊಂದು ಮೇಲ್ ಹುಡುಕಿ ಹೊಸ ಕಾರ್ಡ್ ಮಾಡಿ.